ಸಿಗ್ನಲ್ ಮೂಲೆಯ ರಂಗೋಲಿ

ವೇಲಚೇರಿಯ ಸಿಗ್ನಲ್ ಪಕ್ಕದ ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿರುವ ಸುಮಿತ್ರಮ್ಮನವರು ಹುಬ್ಬಳ್ಳಿ ಕಡೆಯವರು. ಮದುವೆಯಾಗಿ ಬಂದು ಮೊಮ್ಮಕ್ಕಳನ್ನು ಕಂಡರೂ ಅವರ ಮಾತಿಗೆ ಮದರಾಸಿನ ಗಾಳಿ ಸೋಕಿಲ್ಲ. ಧನುರ್ಮಾಸದಲ್ಲಿ ಬೀದಿ ತುಂಬ ತಮಿಳರ ರಂಗೋಲಿ ಕೋಲಂ ಅರಳಿದಾಗ ಅವರ ಕೈಯೂ ತುರಿಸಿತು. ಟೈಲ್ಸ್ ಹಾಳಾಗುತ್ತದೆಂದು ಅಸೋಸಿಯೇಷನ್ನಿನವರು ಗೇಟಿನ ಮುಂದೆ ಹಾಕಲು ಬಿಡಲಿಲ್ಲ. ಮರುದಿನ ನಸುಕಿನಲ್ಲಿ ಹಣೆಗೆ ವಿಭೂತಿ ಹಚ್ಚಿ, ರಂಗೋಲಿ ಡಬ್ಬಿ ಹಿಡಿದು ನೇರ ಸಿಗ್ನಲ್ಲಿಗೇ ಹೋದರು.

ಆ ಮೂಲೆಯೆಂದರೆ ನನಗೆ ಭಯ. ಕೆಂಪು ದೀಪವಿದ್ದರೂ ಎಡಕ್ಕೆ ತಿರುಗುವ ಬೈಕುಗಳು ಫುಟ್‌ಪಾತ್ ಉಜ್ಜಿಕೊಂಡೇ ನುಗ್ಗುತ್ತವೆ. ಒಂದನೇ ಕ್ಲಾಸಿನ ನನ್ನ ಬಿಂದು ಅಲ್ಲೇ ದಾಟಬೇಕು. ಪೊಲೀಸರಿಟ್ಟ ಪ್ಲಾಸ್ಟಿಕ್ ಕೋನುಗಳು ವಾರದೊಳಗೆ ಅಪ್ಪಚ್ಚಿ. ನಾನು ಕೈ ಹಿಡಿಯುವ ಬಿಗಿಗೆ ನೋವಾಗಿ ಮಗು "ಅಮ್ಮಾ, ಕೈ ವಲಿಕ್ಕುದು" ಎಂದು ಅಳುತ್ತಿದ್ದಳು.

ಮಂಚದಗಲದ ರಂಗೋಲಿ ಕಂಡು ಕಾನ್‌ಸ್ಟೇಬಲ್ ಓಡಿಬಂದ, ರಸ್ತೆಯೇನು ಈ ಅಜ್ಜಿಯ ಮನೆಬಾಗಿಲೇ ಎಂದು ತಮಿಳಿನಲ್ಲಿ ರೇಗಿದ. "ಪಾಟ್ಟಿ, ರೋಡು ಉಂಗ ವೀಟ್ಟು ವಾಸಲಾ?"

"ಹೌದಪಾ, ಇದ ನಮ್ಮ ಬಾಗಲಾ. ತುಳಿ ನೋಡೂಣು!"

ಅಳಿಸಲು ಎತ್ತಿದ ಬೂಟುಗಾಲು ಕೆಳಗಿಳಿಯಲಿಲ್ಲ. ಬೈಕಿನವರಿಗೂ ಹಾಗೇ. ಕೆಲವರು ಹತ್ತಿಸಿಕೊಂಡು ಹೋದರೂ ಹೆಚ್ಚಿನವರು ರಂಗೋಲಿ ಬಿಟ್ಟು ಅಗಲಕ್ಕೆ ಸುತ್ತಿದರು, ಸುತ್ತಬೇಕೆಂದರೆ ನಿಧಾನಿಸಲೇಬೇಕಲ್ಲ! ಮಕ್ಕಳಿಗೆ ದಾಟಲು ಅಷ್ಟು ಸಾಕಿತ್ತು.

ಧನುರ್ಮಾಸವಿಡೀ ದಿನವೂ ಹಾಕಿದರು. ಪೊಂಗಲ್‌ಗೆ ಮಾಸ ಮುಗಿಯಿತು. "ಅಮ್ಮಾ, ನೀವು ನಿಲ್ಲಿಸಬೇಡಿ, ಪ್ಲೀಸ್" ಎಂದು ಸುಮಿತ್ರಮ್ಮನವರನ್ನು ಅಂಗಲಾಚಿದೆ.

"ಹಾಕತೀನಿ ಬಿಡವಾ. ಖರೇ, ಚಾ ಮಾತ್ರ ನೀನಽ ತರಬೇಕು."

ದಿನವೂ ಚಹಾ ಒಯ್ದೆ. ಆಮೇಲೆ ಅವರಿಗೆ ಚಿಕುನ್‌ಗುನ್ಯಾ ಬಂತು, ಕೀಲುಗಳು ಮಡಚಲೊಲ್ಲವು. ಬರಿದಾದ ಮೂಲೆಯಲ್ಲಿ ಅಂದೇ ಒಂದು ಬೈಕು ಬಿಂದುವಿನ ಬ್ಯಾಗನ್ನು ಸವರಿಕೊಂಡು ಹೋಯಿತು. ರಾತ್ರಿಯೆಲ್ಲ ನಿದ್ದೆಯಿಲ್ಲ. ಬೆಳಗಾಗುವ ಮೊದಲೇ ಡಬ್ಬಿ ಕೇಳಿ ತಂದು ಅಲ್ಲಿ ಕುಕ್ಕರುಗಾಲಲ್ಲಿ ಕೂತೆ. ಹೊಸ್ತಿಲಿಗೆ ರಂಗೋಲಿ ಸ್ಟಿಕರ್ ಅಂಟಿಸಿಯಷ್ಟೇ ಗೊತ್ತಿದ್ದ ಕೈ, ಚುಕ್ಕಿಗಳು ದಿಕ್ಕಾಪಾಲಾದವು.

ಬಾಲ್ಕನಿಯ ಸರಳು ಹಿಡಿದು ನಿಂತಿದ್ದ ಸುಮಿತ್ರಮ್ಮ ನನ್ನನ್ನು ಕೂಗಿದರು: "ಪೂರ್ಣೀ, ಅದೇನ ರಂಗೋಲೀನೋ, ಚೆಲ್ಲಿದ ಇಡ್ಲಿ ಹಿಟ್ಟೋ?"

ಶಾಲೆಯ ಹೊತ್ತಿಗೆ ಕಾನ್‌ಸ್ಟೇಬಲ್ ಬಂದ. ತಲೆ ಓರೆ ಮಾಡಿ ನೋಡಿದ. ಆಮೇಲೆ ಬೈಕುಗಳಿಗೆ ಅಡ್ಡ ಕೈಚಾಚಿ, "ಕೋಲಂ ಪಾ, ಸುತ್ತಿ ಪೋ!" ಎಂದು ಗದರಿದ. ಬೈಕುಗಳು ನಿಧಾನಿಸಿ ಸುತ್ತಿದವು. ಬಿಂದು ದಾಟಿದಳು, ಅಳಲಿಲ್ಲ.

"ತಡಿ, ಕಾಲು ನೆಟ್ಟಗಾಗಲಿ, ನಾನಽ ಬರತೀನಿ," ಮೇಲಿನಿಂದ ಮತ್ತೆ ಕೂಗು. "ದಿನಾ ನಿಂದಽ ಆದ್ರ, ರಂಗೋಲಿ ಅಂತ ತಿಳೀಲಾರದ ತುಳದಬಿಟ್ಟಾರು!"