ಟೆಂಪೊದಲ್ಲಿ ಬರೆದ ಪಟ್ಟಿ

ನಾನು ಕೆಲಸ ಮಾಡುವುದು ಗೋವಾ ಗಡಿಯಾಚೆಗಿನ ಒಂದು ಔಷಧಿ ಕಂಪನಿಯಲ್ಲಿ, ಮಾತ್ರೆಗಳನ್ನು ಡಬ್ಬಿಗೆ ತುಂಬುವ ವಿಭಾಗದಲ್ಲಿ. ಬೆಳಿಗ್ಗೆ ಏಳಕ್ಕೆ ಸದಾಶಿವಗಡದಿಂದ ನಮ್ಮ ಟೆಂಪೊ ಹೊರಡುತ್ತದೆ. ಹತ್ತಿದವರಲ್ಲಿ ಹೆಚ್ಚಿನವರು ಕೂತ ಕೂಡಲೇ ಕಣ್ಣು ಮುಚ್ಚುತ್ತಾರೆ. ಮುಚ್ಚದೆ ಮಾತಾಡುವವರು ನಾಲ್ಕೇ ಜನ. ಎಲ್ಲರೂ ತಮ್ಮ ಎಂದು ಕರೆಯುವ ಗಾಡಿಯ ಡ್ರೈವರ್ ಹುಡುಗ, ಚಿತ್ತಾಕುಲದ ಮೀನುಗಾರರ ಮನೆಯ ಸೊಸೆ, ಮಾಜಾಳಿಯಲ್ಲಿ ಹತ್ತುವ ಸ್ಟೋರ್‌ಕೀಪರ್ ಮತ್ತು ನಾನು. ಸ್ಟೋರ್‌ಕೀಪರಿಗೆ ನಿವೃತ್ತಿ ಹತ್ತಿರ ಬಂದಿದೆ, ಅವರನ್ನು ಎಲ್ಲರೂ ಮಾಮ ಎನ್ನುತ್ತೇವೆ. ಆ ಮೂವರ ಮನೆಮಾತು ಕೊಂಕಣಿ. ನಾನು ಅಂಕೋಲೆಯಿಂದ ಮದುವೆಯಾಗಿ ಬಂದವಳು, ಆದ್ದರಿಂದ ನನ್ನ ಜೊತೆ ಕನ್ನಡ.

ಕಳೆದ ಮಳೆಗಾಲ ಮುಗಿದ ಹೊತ್ತಿಗೆ ಒಂದು ದಿನ ಮಾಮ ಮೊಬೈಲಿನಲ್ಲಿ ಒಂದು ಪಟ್ಟಿ ಓದಿದರು. ಜಗತ್ತಿನ ಅತಿ ದೊಡ್ಡ ಗಾಯಕರ ಪಟ್ಟಿ. ಮೇಲಿನ ಹೆಸರುಗಳಲ್ಲಿ ಒಂದನ್ನೂ ನಾವು ಕೇಳಿರಲಿಲ್ಲ. ನಮ್ಮವರು ಎಲ್ಲೋ ಬಾಲದ ಕಡೆ ಒಬ್ಬಿಬ್ಬರಿದ್ದರು.

“ಇದ ಬರದವಂಗೆ ಕಿವಿ ಅದ್ಯೋ ಇಲ್ಲೋ?” ಎಂದ ಗಾಡಿಯ ತಮ್ಮ.

ಐದು ನಿಮಿಷ ನಾಲ್ವರೂ ಒಂದಾಗಿ ಆ ಪಟ್ಟಿಯನ್ನು ಬೈದೆವು. ಆಮೇಲೆ, ನಮ್ಮದೇ ಒಂದು ಪಟ್ಟಿ ಮಾಡೋಣ, ಹತ್ತೇ ಹೆಸರು ಸಾಕು ಎಂದಾಯಿತು. ಅಕ್ಷರ ಚೆಂದ ಎಂದು ಬರೆಯುವ ಕೆಲಸ ನನಗೆ ಬಂತು. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಭಾಗದಲ್ಲಿ ಒಂದರಿಂದ ಹತ್ತರವರೆಗೆ ಅಂಕಿ ಹಾಕಿದೆ. ಅಂಕಿ ಹಾಕುವವರೆಗೆ ಒಗ್ಗಟ್ಟಿತ್ತು.

ಗಾಯಕರ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುವವರೂ ಜಗಳಕ್ಕೆ ಬರುತ್ತಾರೆ, ನಾನು ಹೇಳಬೇಕಾದ್ದು ಹಿಂದೆ ಬೀಳುತ್ತದೆ. ಮಾಮನಿಗೆ ಒಬ್ಬ ಗಾಯಕನ ಮೇಲೆ ಪ್ರಾಣ. ಗಂಡಸಿನ ದನಿಯಲ್ಲಿ ಅಳು ಬರಿಸುವುದು ಸುಲಭವಲ್ಲ ಎನ್ನುವುದು ಅವರ ವಾದ. ಗಾಡಿಯ ತಮ್ಮನ ಮೊದಲ ಸ್ಥಾನ ವಾರಕ್ಕೊಮ್ಮೆ ಬದಲಾಗುತ್ತಿತ್ತು. ನನ್ನದು ಬದಲಾಗುವ ಮಾತೇ ಇರಲಿಲ್ಲ. ಎಂಟು ವರ್ಷದವಳಿದ್ದಾಗಿನಿಂದ ನನಗೆ ಒಬ್ಬಳೇ ಗಾಯಕಿ.

ಚಿತ್ತಾಕುಲದ ಸೊಸೆ ಮಾತ್ರ ಯಾರ ಪರವೂ ಮಾತಾಡಲಿಲ್ಲ. ಒಂದು ದಿನ ನಾನೇ ಕೇಳಿದೆ, “ನಿಂದು ಯಾರು, ಹೇಳೇ.”

“ನಂಗೆ ಹೆಸರ ಗೊತ್ತಿಲ್ಲ ಅಕ್ಕಾ. ಹಾಡ ಗೊತ್ತು. ಹಾಡೂದು ಪಿಕ್ಚರಿನ ಹೆಣ್ಣೇ ಅಂದ್ಕಂಡಿದ್ದೆ ಸುಮಾರು ದಿನ.”

ನಾವು ಮೂವರೂ ನಕ್ಕೆವು. ಅವಳೂ ನಕ್ಕಳು, ಆದರೆ ಮತ್ತೆ ಕಿಟಕಿಯ ಕಡೆ ತಿರುಗಿ ಕೂತಳು. ಕಂಪನಿ ತಲುಪುವವರೆಗೂ ನನಗೆ ಅದು ಚುಚ್ಚುತ್ತಿತ್ತು.

ನನ್ನ ವಾದಕ್ಕೆ ಆಧಾರ ಅಂಕೋಲೆಯ ನಮ್ಮ ಮನೆಯ ಒಂದು ಹಿಂದಿ ಹಾಡಿನ ಕ್ಯಾಸೆಟ್. ಅಪ್ಪ ಅದನ್ನು ಕಾರವಾರದ ಪೇಟೆಯಿಂದ ತಂದಿದ್ದ. ಶೇಂಗಾ ಸಿಪ್ಪೆ ಬಿಡಿಸುವ ಸಂಜೆಗಳಲ್ಲಿ ಅದು ತಿರುಗುತ್ತಿತ್ತು. ಆಯಿಗೆ, ಅಂದರೆ ನನ್ನ ಅಮ್ಮನಿಗೆ, ಹಿಂದಿಯ ಒಂದು ಶಬ್ದವೂ ತಿಳಿಯುತ್ತಿರಲಿಲ್ಲ, ಆದರೂ ಎರಡನೆಯ ಹಾಡು ಬಂದರೆ ಅವಳ ಬೆರಳು ನಿಧಾನವಾಗುತ್ತಿತ್ತು. ಆ ಹಾಡಿನಲ್ಲಿ ಎರಡನೆಯ ಚರಣ ಶುರುವಾಗುವ ಮೊದಲು ಗಾಯಕಿ ಒಮ್ಮೆ ಉಸಿರು ಎಳೆದುಕೊಳ್ಳುತ್ತಾಳೆ. ಅದು ಸ್ಪಷ್ಟವಾಗಿ ಕೇಳುತ್ತದೆ. ಏನನ್ನೋ ಹೇಳಲು ಬಂದು, ಹೇಳಲೋ ಬೇಡವೋ ಎಂದು ನಿಂತವಳ ಉಸಿರು. ಅಂಥ ಉಸಿರು ಎಳೆಯುವವರು ಇನ್ನೊಬ್ಬರಿಲ್ಲ ಎಂದು ನಾನು ಟೆಂಪೊದಲ್ಲಿ ಎಷ್ಟು ಸಲ ಹೇಳಿದೆನೋ.

“ಬಾಯಿ, ಅದೆಂತಾ ಉಸಿರು, ನಮಗೂ ಕೇಳ್ಸು ಒಂದ್ ಸಲ,” ಎಂದರು ಮಾಮ. ಹೆಂಗಸರನ್ನೆಲ್ಲ ಅವರು ಕೊಂಕಣಿಯ ರೂಢಿಯಂತೆ ಬಾಯಿ ಎಂದೇ ಕರೆಯುವುದು.

ಗಾಡಿಯ ತಮ್ಮ ಆ ಹಾಡನ್ನು ಮೊಬೈಲಿನಲ್ಲಿ ಹುಡುಕಿ ಹಾಕಿದ. ಮಲಗಿದ್ದವರೂ ಎದ್ದರು. ಹಾಡು ನನಗೆ ನೆನಪಿದ್ದದ್ದಕ್ಕಿಂತ ಚುರುಕಾಗಿ ಹೋಯಿತು. ಎರಡನೆಯ ಚರಣದ ಹತ್ತಿರ ಬಂತು. ನಾನು ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದೆ. ಅದರ ಹಿಂದಿನ ಸಾಲು ಮುಗಿಯಿತು, ಚರಣ ಶುರುವಾಯಿತು. ಉಸಿರು ಇರಲಿಲ್ಲ.

“ಕತ್ತರಿ ಹಾಕಿದ್ರು ಕಾಣ್ತದೆ,” ಎಂದೆ.

“ಹೌದೌದು, ನಿಮ್ಮ ಉಸಿರ ಒಂದೇ ಕತ್ತರಿಸಿ ಇಟ್ಕಂಡ್ರು,” ಎಂದ ಗಾಡಿಯ ತಮ್ಮ. ಇನ್ನೊಂದು ಸಲ ಹಾಕಿಸಿದೆ. ಇರಲಿಲ್ಲ.

ಆ ಭಾನುವಾರ ನಾನು ಅಂಕೋಲೆಗೆ ಹೋದೆ. ಅಣ್ಣ ಗದ್ದೆಯಿಂದ ಬಂದು ಕಾಲು ತೊಳೆಯುತ್ತಿದ್ದ. ಕ್ಯಾಸೆಟ್ ಎಲ್ಲಿದೆ ಎಂದು ಕೇಳಿದ್ದಕ್ಕೆ ಅಟ್ಟದ ಕಡೆ ಕೈ ತೋರಿಸಿದ. ಹರಿದ ಬಲೆ ಹೊದಿಸಿದ ಪೆಟ್ಟಿಗೆಯಲ್ಲಿ ಅದು ಸಿಕ್ಕಿತು. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಸಿನಿಮಾದ ಚಿತ್ರ, ಕೆಳಗೆ ದೊಡ್ಡ ಅಕ್ಷರದಲ್ಲಿ ನನ್ನ ಗಾಯಕಿಯ ಹೆಸರು. ಕನ್ನಡಕ ಹಾಕಿಕೊಂಡು ನೋಡಿದೆ. ಆ ಹೆಸರಿನ ಮೇಲೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ‘ಮೂಲತಃ ಹಾಡಿದವರು’ ಎಂದು ಇಂಗ್ಲಿಷಿನಲ್ಲಿತ್ತು. ಮಡಿಚಿದ ಒಳಗಿನ ಭಾಗದಲ್ಲಿ ಬೇರೆ ಒಂದು ಹೆಸರು. ಜನ್ಮದಲ್ಲಿ ಕೇಳದ ಹೆಸರು.

“ಅದು ವರ್ಶನ್ ಕ್ಯಾಸೆಟ್ ಅಲ್ದನೇ?” ಎಂದ ಅಣ್ಣ. “ಬೇರೆಯವ್ರ ಹಾಡೂದು. ಆವಾಗ ಅದೇ ಕಡಿಮೆಗೆ ಸಿಕ್ತಿತ್ತು.”

“ನಿಂಗೆ ಗೊತ್ತಿತ್ತಾ?”

“ಅಪ್ಪಗೂ ಗೊತ್ತಿತ್ತು. ನಿಂಗೆ ಹೇಳೂದು ಬೇಡ ಅಂದಿದ್ದ. ನೀನು ಶಾಲೆ ನೋಟ್‌ಬುಕ್ಕಿನ ಮೇಲೆಲ್ಲ ಆ ಗಾಯಕಿ ಹೆಸ್ರೇ ಬರ್ಕಂಡಿದ್ದೆ.”

ಅಪ್ಪ ಹೋಗಿ ಆರು ವರ್ಷವಾಯಿತು. ಇಂಥದೊಂದು ಮಾತನ್ನು ನನ್ನಿಂದ ಮುಚ್ಚಿಟ್ಟಿದ್ದ ಎಂದು ಸಿಟ್ಟು ಬರಲಿಲ್ಲ. ಟಿಕೆಟ್ ಇಲ್ಲದೆ ಇಷ್ಟು ದೂರ ಬಂದೆನಲ್ಲ ಎಂಬಂಥ ಒಂದು ನಾಚಿಕೆ ಆಯಿತು, ಅಷ್ಟೇ.

ನನ್ನ ಮುಖ ನೋಡಿ ಅಣ್ಣ ಬೈಕ್ ತೆಗೆದ. ಪೇಟೆಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವವನೊಬ್ಬ ಅಣ್ಣನ ಗೆಳೆಯ, ಅವನಲ್ಲಿ ಇನ್ನೂ ಒಂದು ಟೇಪ್ ರೆಕಾರ್ಡರ್ ಇತ್ತು. ಅವನು ಕ್ಯಾಸೆಟ್ಟಿನ ಕಣ್ಣಿಗೆ ಪೆನ್ಸಿಲ್ ತೂರಿಸಿ ಸಡಿಲವಾದ ಟೇಪನ್ನು ಬಿಗಿ ಮಾಡಿ ಹಾಕಿದ. ಎರಡನೆಯ ಹಾಡು. ದನಿ ಸ್ವಲ್ಪ ನಡುಗುತ್ತಿತ್ತು. ಆದರೆ ಆ ಉಸಿರು ಇತ್ತು, ನನಗೆ ನೆನಪಿದ್ದಲ್ಲೇ, ನೆನಪಿದ್ದ ಹಾಗೇ.

“ಇದು ಬೇಕಂತ ಮಾಡಿದ್ದಲ್ಲ ತಂಗಿ,” ಎಂದ ಮೈಕಿನವನು. “ಹಿಂದಿನ ಸಾಲು ಉದ್ದ ಎಳದ್ಲು, ದಮ್ಮ ಸಾಕಾಗ್ಲಿಲ್ಲ. ದೊಡ್ಡವ್ರಾದ್ರೆ ಇನ್ನೊಂದ್ ಸಲ ಹಾಡ್ಸತಿದ್ರು. ಇವಳಿಗೆ ಯಾರ ಹಾಡ್ಸೂದು?”

ಹಾಡನ್ನು ನನ್ನ ಮೊಬೈಲಿಗೆ ಇಳಿಸಿಕೊಟ್ಟ. ಮನೆಗೆ ಬರುವ ಬಸ್ಸಿನಲ್ಲಿ ನಾನು ಅದನ್ನು ಮತ್ತೆ ಕೇಳಲಿಲ್ಲ.

ಸೋಮವಾರ ಟೆಂಪೊದಲ್ಲಿ ಸುಮ್ಮನಿದ್ದುಬಿಡಬಹುದಿತ್ತು. ಯಾರೂ ಅಂಕೋಲೆಯವರೆಗೆ ಹೋಗಿ ವಿಚಾರಿಸುವವರಲ್ಲ. ಆದರೆ ಎರಡು ತಿಂಗಳು ಎಲ್ಲರ ಬಾಯಿ ಮುಚ್ಚಿಸಿದವಳು ನಾನು. ಮಾಮ ಹತ್ತಿ ಕೂತ ಮೇಲೆ ಇದ್ದದ್ದು ಇದ್ದ ಹಾಗೆ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ಮಾಮ ನಗಲಿಲ್ಲ.

“ಹೆಸರೆಂತಾ ಅವಳ್ದು?” ಎಂದರು.

ಬರೆದುಕೊಂಡಿದ್ದೆ, ಓದಿದೆ. ಅವರು ಆ ಹೆಸರನ್ನು ಒಮ್ಮೆ ತಾವೇ ಹೇಳಿ ನೋಡಿದರು. ಆಮೇಲೆ ಹಾಡು ಹಾಕು ಎಂದರು. ಗಡಿಯ ಚೆಕ್‌ಪೋಸ್ಟಿನಲ್ಲಿ ಲಾರಿಗಳ ಹಿಂದೆ ನಿಂತಿದ್ದೆವು. ಇಂಜಿನ್ ಬಂದ್ ಆಗಿತ್ತು, ಎಲ್ಲ ಚೆನ್ನಾಗಿ ಕೇಳಿಸಿತು.

ಉಸಿರಿನ ಜಾಗ ಬಂದಾಗ ಚಿತ್ತಾಕುಲದ ಸೊಸೆ ತಿರುಗಿದಳು. ಮೈಕಿನವನು ಹೇಳಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ.

“ಪಾಪ, ದಮ್ಮ ಬಂತು ಅವಳಿಗೆ,” ಎಂದಳು. “ನಮ್ಮ ಅತ್ತೆ ಮೀನ ಬುಟ್ಟಿ ಹೊತ್ಕಂಡು ದಿಬ್ಬ ಹತ್ತಿ, ಒಂದು ಮನೆ ಮುಂದೆ ನಿಂತು ಕೂಗ್ತದಲ್ಲ, ಕೂಗೂದ್ಕೆ ಮುಂಚೆ ಹಿಂಗೇ ಆಗ್ತದೆ.”

ಹೆಸರು ಗೊತ್ತಿಲ್ಲದವಳು ಎಂದು ನಾವು ನಕ್ಕದ್ದು ಇವಳನ್ನು ನೋಡಿ. ಎರಡು ತಿಂಗಳ ನಮ್ಮ ಚರ್ಚೆಯಲ್ಲಿ ಹಾಡಿನ ಬಗ್ಗೆ ಇಷ್ಟು ಸರಿಯಾದ ಮಾತು ಬಂದಿರಲಿಲ್ಲ. ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಅವಳಿಗೆ ಅದನ್ನೇ ಹೇಳಿದೆ. “ಬಿಡ ಅಕ್ಕಾ,” ಎಂದು ನನ್ನ ಅನ್ನಕ್ಕೆ ಸಿಗಡಿ ಮೀನಿನ ಸುಂಗಟೆ ಚಟ್ನಿ ಹಾಕಿದಳು.

ಆ ಹೆಸರನ್ನು ಮೊಬೈಲಿನಲ್ಲಿ ಬಹಳ ಹುಡುಕಿದೆ. ಏನೂ ಸಿಗಲಿಲ್ಲ. ಇದ್ದಾಳೋ ಇಲ್ಲವೋ, ಯಾವ ಊರೋ, ಹಾಡುವುದನ್ನು ಯಾವಾಗ ಬಿಟ್ಟಳೋ ತಿಳಿಯದು.

ಪಟ್ಟಿಯಲ್ಲಿ ಒಂಬತ್ತು ಹೆಸರು ತುಂಬಿ ಹತ್ತನೆಯದು ಖಾಲಿ ಇತ್ತು. ಅದಕ್ಕೆ ಇವಳನ್ನೇ ಸೇರಿಸೋಣ ಎಂದವರು ಮಾಮ. ದೊಡ್ಡವರ ಸಾಲಿನಲ್ಲಿ ಇವಳು ಹೇಗೆ ಎಂದು ಗಾಡಿಯ ತಮ್ಮ ತಕರಾರು ತೆಗೆದ, ಆಮೇಲೆ ಒಪ್ಪಿದ. ಚಿತ್ತಾಕುಲದ ಸೊಸೆ ಮೊದಲ ಸಲ ಮತ ಹಾಕಿದಳು. ಮೂವರು ಹೌದು ಎಂದರು. ಬೇಡ ಎಂದವಳು ನಾನೊಬ್ಬಳೇ.

“ಯಾಕೆ ಬಾಯಿ? ನಿನ್ನವಳೇ ಅಲ್ದಾ?” ಎಂದರು ಮಾಮ.

ಅವಳಿಗೆ ಹತ್ತನೆಯ ಸ್ಥಾನ ಕಡಿಮೆಯಾಯಿತು ಎಂದೆ. ಜಗಳ ಮತ್ತೆ ಶುರುವಾಯಿತು.