ಕೋಳಿಮರಿಗಳನ್ನು ಗಟ್ಟಿ ಮಾಡಿದ ಭಾವ

ತಗಡೂರಿನ ನಮ್ಮ ಬೀದಿಯಲ್ಲಿ ಧನುರ್ಮಾಸದ ಚಳಿಗೆ ಎಲ್ಲರಿಗಿಂತ ಮೊದಲು ಮುದುರಿಕೊಳ್ಳುವವನು ನನ್ನ ಅಕ್ಕ ಸಾಕಮ್ಮನ ಗಂಡ ನಿಂಗರಾಜು. ಸ್ವೆಟರು, ಅದರ ಮೇಲೆ ಕಂಬಳಿ, ತಲೆಗೆ ಮಂಕಿ ಕ್ಯಾಪು. ಈ ಅವತಾರದಲ್ಲಿ ಜಗಲಿ ಮೇಲೆ ಕುಳಿತು ಹೋಗಿ ಬರುವವರಿಗೆಲ್ಲ ಚಳಿಯ ಮಹಿಮೆ ಹೇಳುವವನೂ ಇವನೇ. "ಮೈಗೆ ಚಳಿ ತಾಕ್ಬೇಕು ಕಣ್ಲಾ, ಆಗ್ಲೇ ಗಟ್ಟಿಯಾಗೋದು." ಬೇರೆಯವರು ಮರೆಗೆ ಹೋಗಿ ನಗುತ್ತಿದ್ದರು. ನಾನು ಎದುರಿಗೇ ನಗುತ್ತಿದ್ದೆ. ಎದುರು ಮನೆಯವಳು, ಮೇಲಾಗಿ ನಾದಿನಿ, ನನಗೇನು ಭಯ?

ಊರಿಗೆಲ್ಲ ಬುದ್ಧಿ ಹೇಳುವ ಈ ಮಹಾನುಭಾವ ಒಂದು ಕೆಲಸವನ್ನೂ ನೆಟ್ಟಗೆ ಮುಗಿಸಿದವನಲ್ಲ. ಹಾಲಿನ ಡೈರಿಯಲ್ಲಿ ಕೆಲಸ ಸಿಕ್ಕಿತ್ತು. ಬೆಳಗಿನ ಜಾವ ಏಳಬೇಕು ಅಂತ ಬಿಟ್ಟ. ಗಾರೆ ಕೆಲಸಕ್ಕೆ ಹೋದ. ಮೇಸ್ತ್ರಿಗೇ ಗಾರೆ ಕಲಸುವ ಪಾಠ ಹೇಳಿ ವಾಪಸ್ಸು ಬಂದ. ಕೂಲಿ ಮಾಡಿ ಮನೆ ನಡೆಸಿದವಳು, ಮಗಳು ಮಧುಶ್ರೀಯನ್ನು ಓದಿಸಿ ಕವಲಂದೆಗೆ ಮದುವೆ ಮಾಡಿಕೊಟ್ಟವಳು ಅಕ್ಕ. ಆ ಮಗಳೀಗ ತುಂಬು ಬಸುರಿ. ಅವಳನ್ನು ಕರೆತಂದು ಚೊಚ್ಚಲ ಬಾಣಂತನವನ್ನು ತನ್ನ ಮನೆಯಲ್ಲಿ, ತನ್ನ ಕೈಯಾರೆ ಮಾಡಬೇಕು ಅನ್ನುವುದೊಂದೇ ಅಕ್ಕನ ಆಸೆ. ಹೆರಿಗೆಯಾದ ಐದನೇ ತಿಂಗಳಲ್ಲಿ ಮಗು-ಬಾಣಂತಿಯನ್ನು ಗಂಡನ ಮನೆಗೆ ಕಳಿಸುವಾಗ ಮೊಟ್ಟೆ ಇಡುವ ಕೋಳಿಗಳನ್ನೂ ಜೊತೆಗೆ ಕೊಡಬೇಕೆಂದು ಮರಿ ಮಾಡಿಸಿದ್ದಳು. ತಾಯಿಕೋಳಿಯನ್ನು ನಾಯಿ ಹೊತ್ತುಕೊಂಡು ಹೋದ ಮೇಲೆ, ಮರಿಗಳನ್ನು ಒಳಕೋಣೆಯಲ್ಲಿ ಬಲ್ಬು ಉರಿಸಿ ಸಾಕುತ್ತಿದ್ದಳು.

ಮಗಳನ್ನು ಕರೆತರಲು ಹೊರಟಾಗ ಗಂಡನಿಗೆ ಬಿಡಿಸಿ ಹೇಳಿದಳು: "ಬಿಸ್ಲು ಏರುದ್ಮೇಲೆ ಮರಿಗಳ್ನ ಇತ್ಲಿಗೆ ಬುಡಿ. ಬಿಸ್ಲು ಇಳಿಯೋಕ್ ಮುಂಚೆ ಒಳಕ್ಕೆ ತನ್ನಿ. ಪುಕ್ಕ ಇನ್ನೂ ಬಲಿತಿಲ್ಲ, ವಸಿ ವಸಿಯಾಗೇ ರೂಢಿಯಾಗ್ಲಿ."

ಹೂಂ ಅಂದ. ಬಿಸಿಲಿಗೆ ಬಿಟ್ಟ, ಸಂಜೆ ಒಳಗೆ ತರಲಿಲ್ಲ. ಮರೆತದ್ದಲ್ಲ ಮತ್ತೆ! "ಭಾವ, ಮರಿ ಒಳಕ್ಕೆ ಆಕ್ಲಿಲ್ವಾ?" ಅಂತ ನಾನೇ ಕೇಳಿದೆ.

"ನೀವು ಎಂಗುಸ್ರು ಮುದ್ದು ಮಾಡಿ ಮಾಡೇ ಕೆಡ್ಸೋದು. ಒಂದು ರಾತ್ರಿ ಈಚೆ ಇರ್ಲಿ, ಎಂಗೆ ಗಟ್ಟಿಯಾಗ್ತವೆ ನೋಡು," ಅಂದವನೇ ಚಿಲಕ ಹಾಕಿಕೊಂಡ. ಹಿತ್ತಿಲಿಗೆ ದಾರಿ ಆ ಮನೆಯೊಳಗಿಂದಲೇ. ಬಾಗಿಲು ಬಡಿದು ಬಡಿದು ಸಾಕಾಗಿ ಬಂದೆ.

ಬೆಳಿಗ್ಗೆ ಅಕ್ಕ, ಮಧುಶ್ರೀ ಆಟೋದಲ್ಲಿ ಬಂದಿಳಿದರು. ಹಿತ್ತಿಲಿಗೆ ಹೋಗಿ ನೋಡಿದರೆ ಬೆಚ್ಚಗಾಗಲೆಂದು ಮರಿಗಳೆಲ್ಲ ಗೋಡೆ ಮೂಲೆಯಲ್ಲಿ ಒಂದರ ಮೇಲೊಂದು ಹತ್ತಿ ಬಿದ್ದಿದ್ದವು. ಮೇಲಿನವು ಸೆಟೆದುಕೊಂಡಿದ್ದವು, ಅಡಿಯವು ಉಸಿರುಕಟ್ಟಿ ಸತ್ತಿದ್ದವು. ಒಂದೂ ಉಳಿದಿರಲಿಲ್ಲ. ಅಕ್ಕ ಗೋಡೆ ಹಿಡಿದುಕೊಂಡು ಕೂತಳು.

"ರೋಗ ಇತ್ತು ಅಂತ ಕಾಣ್ತದೆ," ಅಂದ ಭಾವ, ಕಂಬಳಿಯೊಳಗಿಂದ. "ತಡ್ಕೊಳ್ಳೋ ಶಕ್ತಿ ಇಲ್ದೋವು ಇದ್ರೆಷ್ಟು, ಓದ್ರೆಷ್ಟು? ಕೂಸೂ ಅಷ್ಟೇ ಕಣವ್ವ, ಉಟ್ದಾಗ್ಲಿಂದ್ಲೇ ಚಳೀಗೆ ಒಗ್ಗಿಸ್ಬೇಕು. ನಾನಿವ್ನಲ್ವಾ, ನೋಡ್ಕತೀನಿ."

ಥೂ, ಅದೂ ಒಂದು ಬಾಯಾ! ಮಧುಶ್ರೀ ಹೊಟ್ಟೆ ಮೇಲೆ ಕೈಯಿಟ್ಟುಕೊಂಡು ಅವನನ್ನೇ ನೋಡಿದಳು. "ಅವ್ವ, ನಾ ಇಲ್ಲಿ ಇರಾಕಿಲ್ಲ. ಆಟೋ ಓಗೋದ್ರೊಳಗೆ ನಡಿ," ಅಂದಳು. ಅಕ್ಕ ಅಳುತ್ತಲೇ ಎದ್ದು, ಇನ್ನೂ ಬಿಚ್ಚದ ಬ್ಯಾಗು ಎತ್ತಿಕೊಂಡು ಮಗಳ ಹಿಂದೆ ಹೊರಟಳು. ತವರಿನ ಬಾಣಂತನ ಅಲ್ಲಿಗೆ ಮುಗಿಯಿತು. ಬೀಗರ ಮನೆಯಲ್ಲಿ, ಬೀಗರ ಒಲೆ ಮುಂದೆ, ನಾಚಿಕೊಂಡೇ ಮಗಳಿಗೆ ನೀರು ಕಾಯಿಸಿದಳು.

ಹೆಣ್ಣು ಕೂಸು ಹುಟ್ಟಿದ ಸುದ್ದಿ ಬಂತು. ಭಾವ ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ತೊಟ್ಟು ಹೊರಟ, ನಾನೂ ಹೋದೆ. ಮಗು ಸಾಕುವುದು ಹೇಗೆಂದು ಬಸ್ಸಿನಲ್ಲಿ ಕಂಡಕ್ಟರಿಗೂ ಹೇಳಿದ, ನಾಚಿಕೆಗೆಟ್ಟವನು. ಕವಲಂದೆಯಲ್ಲಿ ಮನೆಯೊಳಗೆ ಕಾಲಿಟ್ಟವನೇ, "ಎಲ್ಲಿ, ಕೊಡಿ ಇತ್ತಾಗೆ ನನ್ ಮೊಮ್ಮಗಳ್ನ," ಎಂದು ಎರಡೂ ಕೈ ಚಾಚಿದ.

ಮಧುಶ್ರೀ ಕೂಸನ್ನು ಎದೆಗೊತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಬೀಗರು ನೋಡುತ್ತಲೇ ಇದ್ದರು. ಅವನ ಕೈ ಚಾಚಿದ ಹಾಗೇ ಇತ್ತು. ನನಗಂತೂ ಅಯ್ಯೋ ಅನ್ನಿಸಲಿಲ್ಲ. ಅಕ್ಕ ಒಳಗಿನಿಂದ ಬಂದು ಆ ಕೈಯಲ್ಲಿ ಕಾಫಿ ಲೋಟ ಇಟ್ಟು, "ಕುಡ್ದು ಒರ್ಡಿ, ಬಸ್ಸು ಬತ್ತದೆ," ಅಂದಳು.