ಒಂದು ಚಿಟಿಕೆ ಬೇವು

ಮಗಳಿಗೆ ಏಳು ತಿಂಗಳಿಗೆ ಕೆಳಗಿನ ಎರಡು ಹಲ್ಲು ಬಂದವು, ಒಂಬತ್ತು ತುಂಬುವಷ್ಟರಲ್ಲಿ ಮೇಲಿನವೂ ಬಂದವು. ಮೈಸೂರಿನಲ್ಲಿದ್ದ ಅಮ್ಮ ವಿಡಿಯೋ ಕಾಲ್‌ನಲ್ಲಿ ನೋಡಿ, "ಅಕ್ಕಿಕಾಳಿದ್ದ ಹಾಗಿವೆ ಕಣೇ" ಎಂದು ಮುದ್ದು ಮಾಡಿದಳು. ಅಕ್ಕಿಕಾಳಂತೆ! ಅವು ಎಲ್ಲಿ ಊರುತ್ತಿದ್ದವು ಎಂದು ಅವಳಿಗೇನು ಗೊತ್ತು? ಮಗಳು ಮೊದಲು ಚೆನ್ನಾಗಿಯೇ ಕುಡಿಯುತ್ತಿದ್ದಳು. ಹೊಟ್ಟೆ ತುಂಬುತ್ತ ಬಂದಾಗ, ನಾನು ಕಿಟಕಿಯಾಚೆ ನೋಡುತ್ತ ಮೈಮರೆತಿರುವಾಗ, ಕಚಕ್ಕನೆ ಕಚ್ಚುತ್ತಿದ್ದಳು. ಕಚ್ಚಿ, ತಲೆಯೆತ್ತಿ, ನನ್ನ ಮುಖ ನೋಡಿ ನಗುತ್ತಿದ್ದಳು. ಒಂದೆರಡು ಸಲ ಹೊಡೆದುಬಿಡಬೇಕು ಅನ್ನಿಸಿದ್ದೂ ಉಂಟು, ಸುಳ್ಳೇಕೆ ಹೇಳಲಿ.

ಆಗ ನಾವು ನ್ಯೂಜಿಲೆಂಡಿನಲ್ಲಿ, ಆಕ್ಲೆಂಡಿನ ದಕ್ಷಿಣಕ್ಕಿರುವ ಪಾಪಕುರಾದಲ್ಲಿ ಬಾಡಿಗೆಗೆ ಇದ್ದೆವು. ಗಂಡ ಬೆಳಿಗ್ಗೆ ಟ್ರೇನ್ ಹಿಡಿದು ಹೋದರೆ ಬರುತ್ತಿದ್ದದ್ದು ಸಂಜೆಗೇ. ನಾನು ಬೆಂಗಳೂರಿನಲ್ಲಿ ಆರು ವರ್ಷ ಎಂಜಿನಿಯರ್ ಆಗಿದ್ದವಳು. ಇಲ್ಲಿ ಅರ್ಜಿಯ ಮೇಲೆ ಅರ್ಜಿ ಹಾಕಿ, ಈ ದೇಶದ ಅನುಭವ ಇಲ್ಲ ಎನ್ನಿಸಿಕೊಂಡು, ಆಮೇಲೆ ಬಸುರಿಯಾಗಿ ಮನೆಯಲ್ಲಿ ಕೂತೆ. ಹೆರಿಗೆಯಾದ ಮೊದಲ ಮೂರು ವಾರ ಹಾಲು ಕೂಡ ಸರಿಯಾಗಿ ಬರಲಿಲ್ಲ. ಮೆಂತ್ಯ ತಿಂದು, ಸಬ್ಬಸಿಗೆ ಸೊಪ್ಪು ತಿಂದು, ಹಾಲು ಹೀರುವ ಪಂಪಿಗೆ ಕಟ್ಟಿದ ಹಸುವಿನ ಹಾಗೆ ಗಂಟೆಗಟ್ಟಲೆ ಕೂತು, ಅತ್ತೂ ಅತ್ತೂ ಕೊನೆಗೆ ಬಂತು. ಬಂದ ಮೇಲೆ ನನಗೆ ಜಂಬವೂ ಬಂತು. ಇಲ್ಲಿ ನನ್ನೊಬ್ಬಳಿಂದಲೇ ಆಗುವ ಕೆಲಸ ಎಂದರೆ ಅದೊಂದೇ. ಎರಡು ವರ್ಷ ತುಂಬುವವರೆಗೂ ಕುಡಿಸುತ್ತೇನೆ ಎಂದು ಕಂಡವರ ಮುಂದೆಲ್ಲ ಹೇಳಿಕೊಂಡಿದ್ದೆ.

ಮಗುವಿನ ತೂಕ ನೋಡಲು ಮನೆಗೆ ಬರುತ್ತಿದ್ದ, ಈ ದೇಶದವರೇ ಆದ ನರ್ಸಮ್ಮನ ಹತ್ತಿರ ಕಚ್ಚುವ ವಿಷಯ ಹೇಳಿದೆ. ಕಿರುಚಬೇಡ, ಮಗು ಬೆದರುತ್ತದೆ ಎಂದರು. ಕಚ್ಚಿದಾಗ ಎದೆಗೆ ಇನ್ನಷ್ಟು ಹತ್ತಿರ ಒತ್ತಿಕೋ, ಉಸಿರಿಗಾಗಿ ತಾನೇ ಬಾಯಿ ಬಿಡುತ್ತಾಳೆ, ಆಮೇಲೆ ನೆಲದ ಮೇಲೆ ಕೂರಿಸಿ ಸ್ವಲ್ಪ ಹೊತ್ತು ಕುಡಿಸಬೇಡ, ಕಲಿಯುತ್ತಾಳೆ ಎಂದರು. ಎರಡು ವಾರ ಹಾಗೆಯೇ ಮಾಡಿದೆ. ಮಗಳು ಏನೂ ಕಲಿಯಲಿಲ್ಲ. ಬಲಗಡೆ ತೊಟ್ಟು ಸೀಳಿ ರಕ್ತ ಬಂತು. ಅವಳು ಹಸಿದು ಕೈ ಚಾಚಿದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು.

ಆಗ ನನಗೆ ಚಿಕ್ಕಮ್ಮನ ನೆನಪಾಯಿತು. ಎರಡೂವರೆ ವರ್ಷವಾದರೂ ಎದೆ ಬಿಡದ ಮಗನಿಗೆ ಅವಳು ಬೇವಿನ ಸೊಪ್ಪು ಅರೆದು ಬಳಿದುಕೊಂಡು ಹಾಲು ಬಿಡಿಸಿದ್ದಳು. ಅವನು ಮುಖ ಹಿಂಡಿದ್ದನ್ನು ನೋಡಿ ನಕ್ಕವರಲ್ಲಿ ನಾನೂ ಒಬ್ಬಳು. ಅವಳು ಬಳಿದದ್ದು ಹಿಡಿ ತುಂಬ, ನಾನು ಒಂದು ಚಿಟಿಕೆ ಹಚ್ಚಿದರೆ ಮಗಳು ಹಾಲು ಬಿಡುವುದಿಲ್ಲ, ಕಚ್ಚುವುದನ್ನು ಮಾತ್ರ ಬಿಡುತ್ತಾಳೆ ಎಂದು ಲೆಕ್ಕ ಹಾಕಿದೆ. ಎಂಜಿನಿಯರ್ ಬುದ್ಧಿ ನೋಡಿ! ಅಮ್ಮನನ್ನು ಒಂದು ಮಾತು ಕೇಳಬಹುದಿತ್ತು, ಕೇಳಲಿಲ್ಲ. ನರ್ಸಮ್ಮನ ಮುಂದಂತೂ ಬಾಯಿ ಬಿಡಲಿಲ್ಲ.

ಹತ್ತಿರದ ಅಂಗಡಿಯಲ್ಲಿ ಬೇವಿನ ಪುಡಿ ಸಿಗಲಿಲ್ಲ. ಮಗಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಟ್ರೇನಿನಲ್ಲಿ ಹೋಗಿ, ಬಸ್ಸು ಹತ್ತಿ, ಸ್ಯಾಂಡ್ರಿಂಗಮ್‌ನ ಇಂಡಿಯನ್ ಅಂಗಡಿಗೆ ಹೋದೆ. ಕೌಂಟರಿನಲ್ಲಿದ್ದ ಆಂಟಿ ಪ್ಯಾಕೆಟ್ ಕೊಡುತ್ತ, ಮುಖಕ್ಕೆ ಹಚ್ಚೋಕಾ ಎಂದು ಹಿಂದಿಯಲ್ಲಿ ಕೇಳಿದರು. ಹೂಂ ಎಂದೆ.

ಮರುದಿನ ಮಧ್ಯಾಹ್ನ ಪುಡಿಯನ್ನು ನೀರಿನಲ್ಲಿ ಕಲಸಿ ಬಟ್ಟಲನ್ನು ಸೋಫಾದ ಪಕ್ಕದಲ್ಲಿಟ್ಟುಕೊಂಡು ಕೂತೆ. ಮಗಳು ಕುಡಿದಳು, ಕಚ್ಚಿದಳು, ನಕ್ಕಳು. ನಾನು ಬೆರಳದ್ದಿ ಹಚ್ಚಿಕೊಂಡು ಮತ್ತೆ ಕೊಟ್ಟೆ. ಅಮ್ಮ ಕೊಡುತ್ತಿದ್ದಾಳಲ್ಲ ಎಂದು ಅವಳು ಬಾಯಿ ಅಗಲಿಸಿಕೊಂಡು ಬಂದಳು. ಮೊದಲು ಅಳಲಿಲ್ಲ. ನಾಲಿಗೆ ಹೊರಗೆ ಹಾಕಿ ನನ್ನ ಮುಖವನ್ನೇ ನೋಡಿದಳು. ಆಮೇಲೆ ಅತ್ತಳು ನೋಡಿ, ಅಷ್ಟು ಅತ್ತದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಓಡಿಹೋಗಿ ತೊಳೆದುಕೊಂಡು ಬಂದು ಕೊಟ್ಟೆ. ಬೆನ್ನು ಬಿಲ್ಲಿನಂತೆ ಬಗ್ಗಿಸಿ ಮುಖ ತಿರುಗಿಸಿದಳು. ಸಂಜೆಯೂ ಅಷ್ಟೇ. ಮರುದಿನವೂ ಅಷ್ಟೇ.

ಮೂರನೆಯ ದಿನ ಅಮ್ಮನಿಗೆ ಫೋನ್ ಮಾಡಿ ಅತ್ತೆ.

"ಅದು ಹಾಲು ಬಿಡಿಸೋಕೆ ಹಚ್ಚೋದು ಕಣೇ, ಕಚ್ಚೋದು ಬಿಡಿಸೋಕಲ್ಲ," ಎಂದಳು ಅಮ್ಮ. "ಒಂದ್ಸಲ ಕೇಳ್ಬಾರ್ದಾಗಿತ್ತಾ? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅಂದ ಹಾಗಾಯ್ತು."

ನಾಚಿಕೆ ಬಿಟ್ಟು ನರ್ಸಮ್ಮನಿಗೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಬಲವಂತ ಮಾಡಬೇಡ, ಮೈಗೆ ಮೈ ತಾಗಿಸಿ ಮಲಗಿಸಿಕೋ, ಜೊತೆಯಲ್ಲಿ ಬಿಸಿನೀರಿನಲ್ಲಿ ಕೂತುಕೋ, ಎಷ್ಟೋ ಮಕ್ಕಳು ವಾಪಸ್ ಬರುತ್ತವೆ ಎಂದರು. ಎಲ್ಲ ಮಾಡಿದೆ. ಟಬ್ಬಿನಲ್ಲಿ ನನ್ನ ಎದೆಯ ಮೇಲೆ ನೀರು ಚಿಮ್ಮಿಸಿ ಆಡಿದಳು, ಕೇಕೆ ಹಾಕಿದಳು, ತಲೆಯಿಟ್ಟು ಮಲಗಿದಳು ಕೂಡ. ಬಾಯಿ ಮಾತ್ರ ಹಾಕಲಿಲ್ಲ. ನಿದ್ದೆಗಣ್ಣಿನಲ್ಲಿ ಕೊಟ್ಟು ನೋಡಿದೆ. ತುಟಿಗೆ ತಾಗುತ್ತಲೇ ಎಚ್ಚರವಾಗಿ, ಎರಡೂ ಕೈಯಿಂದ ಮೆಲ್ಲಗೆ ನನ್ನನ್ನು ತಳ್ಳಿದಳು. ಅವಳು ಸಿಟ್ಟು ಮಾಡಿಕೊಂಡಿದ್ದರೆ ರಮಿಸಬಹುದಿತ್ತು. ಅವಳಿಗೆ ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ, ನಂಬಿಕೆ ಇರಲಿಲ್ಲ ಅಷ್ಟೆ.

ಪಂಪು ಮಾಡಿದ ಹಾಲನ್ನು ಗಂಡ ಸಿಪ್ಪರ್ ಲೋಟದಲ್ಲಿ ಕೊಟ್ಟರೆ ಗಟಗಟ ಕುಡಿದಳು. ಅವನಿಗೆ ಸಮಾಧಾನ. "ಬಿಡು, ಕಚ್ಚಿಸ್ಕೊಳ್ಳೋ ಗೋಳಾದ್ರೂ ತಪ್ತಲ್ಲ," ಎಂದ. ಎರಡು ದಿನ ಅವನ ಜೊತೆ ಮಾತು ಬಿಟ್ಟೆ. ಗಾಯ ಮಾಯುತ್ತ ಬಂತು. ಮಗು ಕುಡಿದರೆ ಬರುವಷ್ಟು ಹಾಲು ಯಂತ್ರಕ್ಕೆ ಬರುವುದಿಲ್ಲ. ದಿನದಿಂದ ದಿನಕ್ಕೆ ಕಡಿಮೆಯಾಗಿ, ಬಾಟಲಿಯ ತಳ ಮುಚ್ಚುವಷ್ಟೂ ಬರದಂತಾಯಿತು. ಸೂಪರ್‌ಮಾರ್ಕೆಟ್ಟಿಗೆ ನಾನೇ ಹೋಗಿ ಹಾಲಿನ ಪುಡಿಯ ಡಬ್ಬಿ ತಂದೆ.

ಅಲ್ಲಿಯವರೆಗೆ ಯಾವ ಮಗು ಅತ್ತರೂ ನನಗೆ ಹಾಲು ಸೋರುತ್ತಿತ್ತು. ಟ್ರೇನಿನಲ್ಲಿ ಯಾರದೋ ಕೂಸು ಅತ್ತರೂ ಅಂಗಿ ಒದ್ದೆಯಾಗಿ, ಶಾಲು ಎಳೆದುಕೊಂಡು ಕೂರುತ್ತಿದ್ದೆ. ನಾಲ್ಕನೆಯ ವಾರದ ಒಂದು ಬೆಳಿಗ್ಗೆ ಮಗಳು ಎದ್ದವಳೇ ಹಸಿದು ಅಳತೊಡಗಿದಳು. ಎತ್ತಿಕೊಂಡೆ. ನನ್ನ ಕಿವಿಯ ಪಕ್ಕದಲ್ಲೇ ಗಂಟಲು ಹರಿಯುವಂತೆ ಅಳುತ್ತಿದ್ದಳು. ಅಂಗಿಯ ಮೇಲೆ ಕೈಯಿಟ್ಟು ನೋಡಿಕೊಂಡೆ. ಒಣಗಿತ್ತು. ಅಡುಗೆಮನೆಯಲ್ಲಿ ಪುಡಿ ಕಲಸುತ್ತಿದ್ದ ಗಂಡನಿಗೆ, "ಬೇಗ ತಗೊಂಡ್ ಬಾ, ಮಗು ಅಳ್ತಿದೆ," ಎಂದೆ.